ಯಜಮಾನ್ರು ಇದ್ದಾರಾ ಅಂತ ಕೇಳಿದ್ರು

...ಥೂ, ಆ ಬೋರ್ಡಿಗೆ ಬೆಂಕಿ ಹಾಕ! ಬರ್ತಾ ಬಸ್ಸಿಂದ ನೀವೂ ನೋಡಿರ್ತೀರಾ ಅತ್ತೆ. 'ಬಡವರ ಕನಸಿನ ಮನೆ' ಅಂತೆ. ಯಾವ ಬಡವ? ಆ ಬೋರ್ಡಿನ ನೆರಳಲ್ಲಿ ನಿಂತ್ಕೊಳ್ಳೋಕೂ ನಮಗೆ ಯೋಗ್ಯತೆ ಇಲ್ಲ. ಅಯ್ಯೋ, ಇನ್ನೂ ಬಾಗ್ಲಲ್ಲೇ ನಿಂತಿದೀರಲ್ಲ! ಬನ್ನಿ, ಚಾಪೆ ಮೇಲೆ ಕೂತ್ಕೊಳ್ಳಿ. ತೂಬಗೆರೆಯಿಂದ ಬಸ್ಸು ಬದಲಾಯ್ಸ್ಕೊಂಡು ನೆಲಮಂಗಲಕ್ಕೆ ಬರೋದು ಅಂದ್ರೆ ಸುಮ್ನೇನಾ. ನಿಮ್ಮ ಮಗ ಗೋಡೌನಿಗೆ ಹೋಗವ್ರೆ. ತಗೊಳ್ಳಿ, ಕಾಫಿ ಕುಡೀರಿ.

ಈ ಶೀಟಿನ ಮನೇನೂ ಇನ್ನೆಷ್ಟು ದಿನಾನೋ. ಓನರ್ರು ಭೀಮರಾಜಣ್ಣ ಖಾಲಿ ಮಾಡಿ ಅಂದವ್ರೆ. ಸಂಸಾರಸ್ಥರು ಬೇಡ್ವಂತೆ! ಗೋಡೌನು ಹುಡುಗರ್ನ ತಂದು ತುಂಬ್ತಾರಂತೆ, ತಲೆ ಲೆಕ್ಕದಲ್ಲಿ ಬಾಡಿಗೆ. ಪಕ್ಕದ ರೂಮಲ್ಲಿ ಆಗ್ಲೇ ತುಂಬವ್ರೆ. ಒಬ್ಬ ಮಗ್ಗುಲು ಬದಲಾಯ್ಸಿದ್ರೆ ಎಲ್ಲಾರೂ ಬದಲಾಯ್ಸ್ಬೇಕು. ದನದ ಕೊಟ್ಟಿಗೇನೇ ವಾಸಿ. ಬೇರೆ ಕಡೆ ಕೇಳಿದ್ವಿ ಅತ್ತೆ, ಕೇಳ್ದೆ ಇರ್ತೀವಾ? ಅಡ್ವಾನ್ಸ್ ಹೇಳಿದ್ರೆ ಎದೆ ಒಡೆಯುತ್ತೆ. ಒಂದು ಯಮ್ಮ ಅಂತೂ, 'ನಿಮ್ಮನೆಗೆ ನೆಂಟರು ಬರ್ತಾರಾ' ಅಂದ್ಳು. ನೆಂಟರು ಬಂದ್ರೆ ಮೆಟ್ಲು ಸವೀತವಂತೆ!

ಯಾಕತ್ತೆ, ನಗೂ ಬರ್ಲಿಲ್ವಾ? ನಾನು ಆ ಗೇಟಿಂದ ಆಚೆ ಬಂದು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅಳು ಬಂತು.

ಸರ್ಕಾರ ಇದೆಯಲ್ಲ ಅಂತೀರಾ? ಅದರ ಹೆಸರೆತ್ತಿದ್ರೆ ವಾಂತಿ ಬರುತ್ತೆ. ಪಂಚಾಯ್ತೀಲಿ ಸೈಟು ಕೊಡ್ತಾರೆ, ಕಟ್ಟೋಕೂ ಸಹಾಯ ಮಾಡ್ತಾರೆ ಅಂತ ಹೋದ್ವಿ. ನಿಮ್ಮ ಮಗನ ಸಂಬಳ ನೋಡಿದ್ರು. ವರಮಾನ ಜಾಸ್ತಿ ಅಂತ ಮೊದಲೇ ರೇಷನ್ ಕಾರ್ಡು ರದ್ದಾಗಿದೆ. ಕಾರ್ಡಿಲ್ಲ ಅಂದ್ರೆ ನಾವು ಬಡವರಲ್ವಂತೆ, ಬಡವರಲ್ದೋರಿಗೆ ಸೈಟಿಲ್ವಂತೆ. ಸರಿ, ಬಡವರಲ್ಲ ತಾನೇ, ಸಾಲನಾದ್ರೂ ಕೊಡಿ ಅಂತ ಬ್ಯಾಂಕಿಗೆ ಹೋದ್ರೆ ಅಲ್ಲಿ ಅದೇ ಸಂಬಳ ನೋಡಿ ನಕ್ಬಿಟ್ರು. ಇಷ್ಟಕ್ಕೆಲ್ಲ ಸಾಲ ಕೊಡಲ್ಲಮ್ಮ ಅಂದ್ರು. ಸರ್ಕಾರಕ್ಕೆ ನಾವು ಸಾಹುಕಾರ್ರು, ಬ್ಯಾಂಕಿಗೆ ತಿರುಕರು! ಒಂದೇ ಸಂಬಳ ಅತ್ತೆ, ಒಂದೇ!

ಕೊನೆಗೆ ಪಂಚಾಯ್ತಿ ಗುಮಾಸ್ತ ಏನಂದ ಗೊತ್ತಾ? 'ಅನಸೂಯಮ್ಮ, ಗಂಡ ಇಲ್ದೋರಿಗೆ ಮೊದಲು ಕೊಡ್ತೀವಿ. ನಿಮ್ಮ ಯಜಮಾನ್ರು ಇಲ್ದೇ ಹೋಗಿದ್ರೆ ಮೊದಲ್ನೇ ಹೆಸರು ನಿಮ್ದೇ' ಅಂದ. ಹಲ್ಲು ಬಿಟ್ಕೊಂಡು ಅಂದ! ಅಲ್ಲಾ, ಗಂಡ ಬದುಕಿರೋಳಿಗೆ ಸೂರು ಬೇಡ್ವಾ? ಮುಖಕ್ಕೆ ಉಗಿದಂಗೆ ಬೈದು ಬಂದೆ.

...ಹಂಗ್ಯಾಕೆ ನೋಡ್ತೀರಾ? ನಿಜವಾಗ್ಲೂ ಬೈದೆ.

ಬೀದಿ ಕಡೆ ಏನು ತೋರಿಸ್ತಿದೀರಾ? ಜೀಪಾ? ಓ, ಅದು ಸೈಟಿಗೆ ಹೆಸರು ಬರ್ಕೊಳ್ಳೋ ಸರ್ವೆಯವ್ರದು. ಬೆಳಿಗ್ಗೆ ಇಲ್ಲಿಗೂ ಬಂದಿದ್ರು, ಎಲ್ಲಾರ ಮನೆಗೂ ಬರ್ತಾರೆ. ಏನೋ ಕೇಳಿದ್ರು, ಏನೋ ಹೇಳ್ದೆ, ಹೋದ್ರು. ಇನ್ನೂ ಇಲ್ಲೇ ಸುತ್ತಾಡ್ತಾವ್ರಾ?

ಅಯ್ಯೋ, ಸೆರಗು ಬಿಡಿ ಅತ್ತೆ... ಬಿಡೀಂದ್ರೆ! ತಾಳೀನಾ? ದಾರ ಸವೆದೋಗಿತ್ತು, ಬಿಚ್ಚಿಟ್ಟಿದೀನಿ. ಬೇರೆ ದಾರಕ್ಕೆ ಪೋಣಿಸ್ಬೇಕು. ಬಳೆ... ಬಳೆ ಪಾತ್ರೆ ತಿಕ್ಕೋವಾಗ ಒಡೆದೋದ್ವು. ಹೂಂ, ಎರಡೂ ಕೈದು. ಕುಂಕುಮ ಬೆವರಿಗೆ ಹೋಯ್ತು, ಈ ಶೀಟಿನ ಕಾವು ನಿಮಗೆ ಗೊತ್ತಲ್ಲ. ದೇವರಾಣೆ... ಬಿಡಿ, ಆಣೆ ಯಾಕೆ ಅದಕ್ಕೆಲ್ಲ.

ಮಾತಾಡಿ ಅತ್ತೆ. ಕಾಫೀನೂ ಮುಟ್ಟಿಲ್ಲ. ಎಲ್ಲಿಗೆ ಎದ್ರಿ? ಕಾಲು ತೊಳ್ಕೊಳ್ತೀರಾ? ಬಚ್ಚಲು ಆ ಕಡೆ... ಚಿಲಕ ಯಾಕೆ ಹಾಕ್ಕೊಂಡ್ರಿ?

ಅತ್ತೆ? ಇದೇನು... ತಲೆ ಮೇಲಿಂದ ಹುಯ್ಕೊಳ್ತಿದೀರಾ? ಬಾಗ್ಲು ಸಂದೀಲಿ ಕಾಣ್ತಿದೆ, ಉಟ್ಟ ಸೀರೇಲೇ? ತಣ್ಣೀರು ಅತ್ತೆ ಅದು! ಊರಲ್ಲಿ ಸ್ನಾನ ಮಾಡ್ಕೊಂಡೇ ಬಂದಿರ್ತೀರಲ್ಲ, ಈಗ್ಯಾಕೆ...

...ಯಾರು ಹೇಳಿದ್ರು ನಿಮಗೆ?

ಆ ಸರ್ವೆಯವನಾ? ಬರ್ತಾ ದಾರೀಲಿ ಸಿಕ್ಕಿ, ಯಾರ ಮನೆಗಮ್ಮ ಅಂತ ಕೇಳಿ, 'ಪಾಪ, ಮಗ ತೀರ್ಕೊಂಡ್ರಂತೆ' ಅಂದ್ನಾ? ಎಲ್ಲಾ ಗೊತ್ತಿದ್ದೂ ನನ್ನ ಮುಂದೆ ಸುಮ್ನೆ ಕೂತಿದ್ರಾ? ನಾನಾಗೇ ಬಾಯಿ ಬಿಡ್ತೀನೇನೋ ಅಂತ?

ನಿಲ್ಸಿ ಅತ್ತೆ! ಅದು ಸಾವಿನ ಸ್ನಾನ, ನಿಲ್ಸಿ! ಬರೀ ಬಾಯಿ ಮಾತು ಕಣತ್ತೆ. ಯಜಮಾನ್ರು ಇದ್ದಾರಾ ಅಂತ ಕೇಳಿದ್ರು, ಇಲ್ಲ ಅಂದೆ. ಅಷ್ಟೇ. ಸರ್ವೆಯವ್ರು ಬರೋದು ಗೊತ್ತಾಗಿ ಬಾಗ್ಲು ಹಾಕ್ಕೊಂಡು, ಒಬ್ಬಳೇ, ನನ್ನ ಕೈಯಾರೆ ಬಳೆ ಒಡ್ಕೊಂಡೆ. ಒಂದು ಬಳೆ ಒಡೀಲೇ ಇಲ್ಲ, ಗೋಡೆಗೆ ಕುಟ್ಟಿದೆ. ನಿಮ್ಮ ಮಗನಿಗೂ ಗೊತ್ತಿಲ್ಲ. ನೀವು ಹೇಳ್ಬೇಡಿ... ಹೇಳಿ, ಬೇಕಾದ್ರೆ ಹೇಳಿ! ಚಿಲಕ ತೆಗೀರಿ, ಆಚೆ ಬಂದು ಕಪಾಳಕ್ಕೆ ಹೊಡೀರಿ. ನೀರು ಹುಯ್ಕೋಬೇಡಿ. ಸಾಕು, ಇನ್ನೊಂದು ಚೊಂಬು ಬೇಡ... ಅಯ್ಯೋ, ಬೇಡ ಅತ್ತೆ... ಬದುಕವ್ರೆ, ನಿಮ್ಮ ಮಗ ಬದುಕವ್ರೆ!