ಪಂಚಮಿಯೊಳಗೆ ಇಪ್ಪತ್ತು ಮಾತು

ಯುಗಾದಿ ಕಳೆದು ಎಷ್ಟು ದಿನವಾಯಿತು? ಎರಡು ತಿಂಗಳ ಮೇಲಾಯಿತು. ಅವತ್ತು ಬೇವುಬೆಲ್ಲ ಬಾಯಿಗೆ ಹಾಕಿಕೊಂಡು, ಈ ವರ್ಷ ಹೀಗೆ ಮಾಡುತ್ತೇನೆ, ಹಾಗೆ ಇರುತ್ತೇನೆ ಎಂದು ಮನಸ್ಸಿನಲ್ಲಿ ಅಂದುಕೊಂಡವರು ಕೈ ಎತ್ತಿ. ಅಬ್ಬಾ, ಎಷ್ಟೊಂದು ಕೈ! ಈಗ, ಅಂದುಕೊಂಡದ್ದು ಇವತ್ತಿಗೂ ನಡೆಯುತ್ತಿದೆ ಎನ್ನುವವರು ಮಾತ್ರ ಕೈ ಮೇಲೆ ಇಟ್ಟುಕೊಳ್ಳಿ. ನೋಡಿ, ನೋಡಿ, ಎಲ್ಲ ಇಳಿದವು. ಹಿಂದಿನ ಸಾಲಿನ ಒಬ್ಬ ಅಜ್ಜಿಯ ಕೈ ಇನ್ನೂ ಮೇಲಿದೆ. ತಾಯಿ, ನಿಜವಾಗಿ ನಡೆಯುತ್ತಿದೆಯೋ, ಇಳಿಸಲು ಮರೆತಿರೋ? ನಗಬೇಡಿ. ನನ್ನ ಕೈಯೂ ಕೆಳಗೇ ಇದೆ.

ಕೈ ಇಳಿಸಿದವರಿಗಾಗಿ ಒಂದು ಕಥೆ ಹೇಳುತ್ತೇನೆ. ಬಯಲುಸೀಮೆಯ ಒಂದು ಪಟ್ಟಣ ಎಂದಿಟ್ಟುಕೊಳ್ಳಿ. ಅಲ್ಲೊಬ್ಬ ಶ್ರೀಮಂತ. ಪೇಟೆಯ ನಡುವೆ ಮೂರಂತಸ್ತಿನ ಬಟ್ಟೆ ಅಂಗಡಿ. ಹೆಸರು ನಮಗೆ ಬೇಡ. ಊರವರು ಸಾಹುಕಾರ ಎನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ. ಮಾತಿನಲ್ಲಿ ಅವನನ್ನು ಗೆದ್ದವರಿಲ್ಲ. ಒಂದು ಕರ್ಚೀಫು ಕೊಳ್ಳಲು ಬಂದವರು ಅವನ ಮಾತು ಕೇಳಿ ಇಡೀ ಮದುವೆಯ ಜವಳಿ ಹೊತ್ತುಕೊಂಡು ಹೋಗುತ್ತಿದ್ದರು. ಅಂಥವನು ತನ್ನ ಮನೆಯಲ್ಲಿ ಒಬ್ಬಳ ಮುಂದೆ ಮಾತ್ರ ಬಾಯಿ ಕಟ್ಟಿದಂತೆ ಕುಳಿತಿರುತ್ತಿದ್ದ. ಅವಳು ಅವನ ಮೊಮ್ಮಗಳು ನಂದಿತಾ. ಒಂಬತ್ತು ವರ್ಷ. ಹುಟ್ಟಿನಿಂದ ಕಿವಿ ಕೇಳಿಸದ ಮಗು.

ಮಗ ಸೊಸೆ ಅವಳನ್ನು ದೂರದ ಶಹರದಲ್ಲಿ, ಕಿವಿ ಕೇಳಿಸದ ಮಕ್ಕಳ ಶಾಲೆಯ ಹಾಸ್ಟೆಲ್ಲಿನಲ್ಲಿ ಬಿಟ್ಟಿದ್ದರು. ಅಲ್ಲಿ ಕೈಸನ್ನೆಯ ಭಾಷೆ ಕಲಿಸುತ್ತಾರೆ. ಸುಮ್ಮನೆ ಕೈ ಆಡಿಸುವುದಲ್ಲ ನೋಡಿ, ನಮ್ಮ ಕನ್ನಡದ ಹಾಗೆಯೇ ಪೂರ್ತಿ ಒಂದು ಭಾಷೆ. ಅದರಲ್ಲಿ ಜಗಳ ಆಡಬಹುದು, ಚಾಡಿ ಹೇಳಬಹುದು, ಜೋಕು ಮಾಡಬಹುದು. ಮಗ ಸೊಸೆ ಅದನ್ನು ಕಲಿತಿದ್ದರು. ಸಾಹುಕಾರ ಕಲಿತಿರಲಿಲ್ಲ.

ಕಲಿಯುವ ಆಸೆ ಇರಲಿಲ್ಲ ಎನ್ನಬೇಡಿ. ಆಸೆ ಬೆಟ್ಟದಷ್ಟಿತ್ತು. ಯುಗಾದಿಯ ದಿನ ಮನೆಮಂದಿಯನ್ನೆಲ್ಲ ಕೂರಿಸಿ ಘೋಷಣೆ ಮಾಡುತ್ತಿದ್ದ: "ಮುಂದಿನ ಯುಗಾದಿಯೊಳಗ ಪೂರಾ ಭಾಷಾ ಕಲೀತೀನಿ. ನನ್ನ ಮೊಮ್ಮಗಳ ಜೋಡಿ ಗಂಟೆಗಟ್ಟಲೆ ಮಾತಾಡ್ತೀನಿ." ಮೊದಲ ವರ್ಷ ಶಹರದಿಂದ ಒಬ್ಬ ಮೇಷ್ಟರನ್ನು ಕಾರು ಕಳಿಸಿ ಕರೆಸಿದ. ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಅಂಗಡಿಗೆ ಮಾಲು ಬಂತು, ಪಾಠ ತಪ್ಪಿತು. ಹೋಗಲಿ ಬಿಡು, ವರ್ಷ ಇನ್ನೂ ಇದೆಯಲ್ಲ ಎಂದುಕೊಂಡ. ಎರಡನೆಯ ವರ್ಷ ದಪ್ಪ ಪುಸ್ತಕ ತರಿಸಿದ. ಆರು ದಿನ. ಮೂರನೆಯ ವರ್ಷ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಶ್ರೀ ಎಂದು ಬರೆದ. ಅಷ್ಟೇ.

ವರ್ಷ ಇನ್ನೂ ಇದೆಯಲ್ಲ! ಈ ಮಾತು ಎಷ್ಟು ಮನೆ ಹಾಳು ಮಾಡಿದೆಯೋ ದೇವರಿಗೇ ಗೊತ್ತು.

ಮೊಮ್ಮಗಳು ರಜೆಗೆ ಬಂದಾಗ ಏನಾಗುತ್ತಿತ್ತು? ಸಾಹುಕಾರ ನಗುತ್ತಿದ್ದ, ಅವಳೂ ನಗುತ್ತಿದ್ದಳು. ಅವನು ತಲೆ ಸವರುತ್ತಿದ್ದ. ಅವಳು ಏನೋ ಕೈಸನ್ನೆ ಮಾಡುತ್ತಿದ್ದಳು. ಅವನು ಅಡುಗೆಮನೆಯ ಕಡೆ ತಿರುಗಿ, "ಏ ತಂಗಿ, ಕೂಸು ಏನೋ ಅನ್ನಾಕತ್ತೈತಿ, ನೋಡ ಬಾ" ಎಂದು ಸೊಸೆಯನ್ನು ಕೂಗುತ್ತಿದ್ದ. ಸೊಸೆ ಕೈ ಒರೆಸಿಕೊಂಡು ಬರುವುದರೊಳಗೆ ಮಗು ಕೈ ಕೆಳಗಿಳಿಸಿ ಎದ್ದು ಹೋಗಿರುತ್ತಿತ್ತು. ಹೇಳಬೇಕೆನಿಸಿದ್ದನ್ನು ಹೇಳಬೇಕೆನಿಸಿದ ಹೊತ್ತಿಗೇ ಹೇಳಬೇಕಲ್ಲವೇ? ನಿಮಗೂ ಹಾಗೆಯೇ ಅಲ್ಲವೇ?

ಒಂದು ಆಷಾಢ. ಮುಂದಿನ ತಿಂಗಳು ನಾಗಪಂಚಮಿ. ಆ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ, ಮನೆಮನೆಯಲ್ಲಿ ಜೋಕಾಲಿ, ಡಬ್ಬಿ ತುಂಬ ಸಿಹಿ ಉಂಡಿ. ಮೊಮ್ಮಗಳನ್ನು ಕರೆತರಲು ಯಾವತ್ತು ಕಾರು ಕಳಿಸಲಿ ಎಂದು ಸಾಹುಕಾರ ಕೇಳಿದಾಗ ಸೊಸೆ ತಲೆ ತಗ್ಗಿಸಿದಳು.

"ಮಾವಾರ, ಆಕಿ ಈ ಸಲ ಬರೂದಿಲ್ಲ ಅಂತಾಳ್ರೀ. ಹಾಸ್ಟೆಲ್‌ನಾಗ ಇರ್ತೀನಿ ಅಂತಾಳ."

"ಯಾಕವ್ವಾ? ಮೈಯಾಗ ಆರಾಮಿಲ್ಲೇನು?"

"ಆರಾಮ ಅದಾಳ್ರೀ. ಅಲ್ಲಿ ಎಲ್ಲಾರೂ ಮಾತಾಡ್ತಾರ, ಮನ್ಯಾಗ ನಿಮ್ಮಿಬ್ರನ್ನ ಬಿಟ್ರ ಯಾರೂ ಮಾತಾಡೂದಿಲ್ಲ ಅಂದ್ಲು. ನೀವಿಬ್ರ ಬಂದು ನನ್ನ ನೋಡ್ಕೊಂಡು ಹೋಗ್ರಿ ಅಂದ್ಲು."

ನೀವಿಬ್ಬರು ಎಂದರೆ ಅಪ್ಪ ಅಮ್ಮ. ಅಜ್ಜನ ಹೆಸರಿಲ್ಲ. ಮಗು ಅಜ್ಜನನ್ನು ಬೈದಿರಲಿಲ್ಲ, ಸಿಟ್ಟಾಗಿರಲಿಲ್ಲ. ಲೆಕ್ಕದಿಂದ ಬಿಟ್ಟಿತ್ತು, ಅಷ್ಟೇ. ಸಾಹುಕಾರ ಮುಂದಿನ ಹಬ್ಬಗಳನ್ನು ಎಣಿಸಿದ. ಈ ಪಂಚಮಿಗೆ ಬರದವಳು ದೀಪಾವಳಿಗೆ ಬರುತ್ತಾಳೆಯೇ? ಇನ್ನೆರಡು ವರ್ಷ ಹೀಗೇ ಕಳೆದರೆ ಅವಳಿಗೆ ಅಜ್ಜನೆಂದರೆ ಗೋಡೆಯ ಮೇಲಿನ ಒಂದು ಫೋಟೋ, ಅಷ್ಟೇ ಅಲ್ಲವೇ? ಅಂಗಡಿಗೆ ಹೋಗದೆ ಊಟದ ಮನೆಯಲ್ಲಿ ಕುಳಿತುಬಿಟ್ಟ.

ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು ತುಂಗಾಬಾಯಿ ಎಂಬ ಹಿರಿಯ ಹೆಂಗಸು. ಪ್ರತಿವರ್ಷ ಚಾತುರ್ಮಾಸ್ಯದ ವ್ರತ ಹಿಡಿಯುವವರು. ನಾಲ್ಕು ತಿಂಗಳ ವ್ರತ ಅದು. ಅವತ್ತೇ ಶುರು. ಮನೆಯವರಿಗೆ ಬದನೆಕಾಯಿ ಎಣ್ಣೆಗಾಯಿ ಮಾಡಿಟ್ಟು, ತನಗೆ ಮಾತ್ರ ಹೆಸರುಬೇಳೆಗೆ ಮೆಣಸು ಜೀರಿಗೆ ಹಾಕಿದ ಸಾರು ಕುದಿಸಿಕೊಳ್ಳುತ್ತಿದ್ದರು. ಸಾಹುಕಾರ ಆ ಪಾತ್ರೆಯನ್ನೇ ನೋಡುತ್ತ ಕೇಳಿದ:

"ತುಂಗಾಬಾಯಿ, ನಾಲ್ಕು ತಿಂಗಳು ಹೆಂಗ ಬಿಡ್ತೀರಿ ಇದನ್ನೆಲ್ಲಾ? ನನಗ ಹತ್ತು ದಿನ ಒಂದು ಕೆಲಸ ಹಿಡಕೊಂಡು ಕೂಡೂದು ಆಗೂದಿಲ್ಲ."

ತುಂಗಾಬಾಯಿ ಸೌಟು ಕೆಳಗಿಟ್ಟು ನಕ್ಕರು. "ನಾಲ್ಕು ತಿಂಗಳು ಯಾರ್ ಬಿಡ್ತಾರ್ರೀ ಸಾವ್ಕಾರ್ರ? ಈ ತಿಂಗಳು ಬರೇ ಕಾಯಿಪಲ್ಯ ಬಿಡೂದು. ಮಸರು ಉಣ್ತೀನಿ, ಹಾಲು ಕುಡೀತೀನಿ. ಮಸರು ಬಿಡೂದು ಮುಂದಿನ ತಿಂಗಳಿಂದು, ಹಾಲು ಬಿಡೂದು ಅದರ ಮುಂದಿಂದು, ಬ್ಯಾಳಿ ಕಡೀ ತಿಂಗಳಿಂದು. ಮುಂದಿನ ತಿಂಗಳಿಂದು ಇವತ್ತ ಯಾಕ ತಲಿಮ್ಯಾಗ ಹೊತ್ಕೋಬೇಕ್ರೀ?"

"ಮತ್ತ ನಡುವ ಒಂದಿನ ಮರತು ಪಲ್ಯ ತಿಂದ್ರ?"

"ತಿಂದೀನಲ್ರೀ ಒಂದ್ಸಲ! ಯಾರದೋ ಮನ್ಯಾಗ ಎಲಿ ತುಂಬ ಬಡಿಸಿದ್ರು, ಉಂಡ ಮ್ಯಾಲೆ ನೆನಪಾತು. ದೇವ್ರಿಗೆ ಕೈಮುಗದು ತಪ್ಪಾತು ಅಂದೆ, ಮರುದಿನ ಮತ್ತ ಬಿಟ್ಟೆ. ತಿಂಗಳು ಮುಗಿಯೂದು ಕಣ್ಣಿಗೇ ಕಾಣ್ತಿರ್ತದ. ಅಷ್ಟರ ಸಲುವಾಗಿ ಕೆಡಿಸ್ಕೊಂಡು ಕೂಡೂದ್ಯಾಕ?"

ನೋಡಿ, ನಮ್ಮ ಹಿರಿಯರು ಎಂಥ ಜಾಣರು! ಎಲ್ಲವನ್ನೂ ಒಟ್ಟಿಗೆ ಬಿಡಿ ಎಂದಿದ್ದರೆ ಒಬ್ಬರೂ ಬಿಡುತ್ತಿರಲಿಲ್ಲ. ಮನುಷ್ಯನ ಮನಸ್ಸಿನ ಅಳತೆ ಅವರಿಗೆ ಗೊತ್ತಿತ್ತು. ಒಂದು ತಿಂಗಳಿಗೆ ಒಂದು. ಅದು ಮುಗಿದ ಮೇಲೆ ಇನ್ನೊಂದು. ವರ್ಷ ವರ್ಷವೂ ಇದನ್ನು ಮಾಡುತ್ತೇವೆ, ಇದರಲ್ಲಿರುವ ಉಪಾಯವನ್ನು ಮಾತ್ರ ಅಡುಗೆಮನೆಯಿಂದ ಆಚೆ ತರುವುದಿಲ್ಲ.

ಸಾಹುಕಾರ ತಂದ. ಅವತ್ತೇ ಸೊಸೆಯನ್ನು ಕರೆದು ಹೇಳಿದ: "ತಂಗಿ, ನನಗ ಪೂರಾ ಭಾಷಾ ಬ್ಯಾಡ. ಈ ತಿಂಗಳು ಉಣ್ಣಾಕ ಗಂಗಾಳದ ಮುಂದ ಕುಂತಾಗ ಬೇಕಾಗೂ ಮಾತು ಅಷ್ಟ ಕಲಸು. ಪಂಚಮಿಯೊಳಗ ಇಪ್ಪತ್ತು."

ಊಟ, ನೀರು, ಅನ್ನ, ರೊಟ್ಟಿ. ಬೇಕು, ಬೇಡ, ಸಾಕು, ಇನ್ನಷ್ಟು. ಸಿಹಿ, ಖಾರ, ಇಷ್ಟ. ಹೀಗೆ ಇಪ್ಪತ್ತು. ಆ ಸನ್ನೆಗಳನ್ನು ನಿಮಗೆ ಮಾಡಿ ತೋರಿಸೋಣವೆಂದರೆ ನನಗೆ ಬರುವುದಿಲ್ಲ. ಇಷ್ಟು ವರ್ಷ ಸಾವಿರಾರು ಜನರ ಮುಂದೆ ಮಾತನಾಡಿದವನು ನಾನು, ಕಿವಿ ಕೇಳಿಸದ ಒಂದು ಮಗುವಿಗೆ ನೀರು ಬೇಕೇ ಎಂದು ಕೇಳಲಾರೆ. ನಾಚಿಕೆ ನನ್ನದು.

ಬಟ್ಟೆ ಅಳೆದು ಅಳೆದು ಸಾಹುಕಾರನ ಬೆರಳು ದಪ್ಪವಾಗಿದ್ದವು, ಹೇಳಿದ ಹಾಗೆ ಮಡಚುತ್ತಿರಲಿಲ್ಲ. ಬೇಕು ಎನ್ನಲು ಹೋದರೆ ಬೇಡ ಆಗುತ್ತಿತ್ತು. ಸೊಸೆ ನಗು ತಡೆದುಕೊಂಡು ಬೆರಳು ಹಿಡಿದು ತಿದ್ದುತ್ತಿದ್ದಳು. ಅಂಗಡಿಯಲ್ಲಿ ಕುಳಿತಾಗಲೂ ಮೇಜಿನ ಕೆಳಗೆ ಅಭ್ಯಾಸ. ಒಮ್ಮೆ ಸೀರೆ ಆರಿಸುತ್ತಿದ್ದ ಹೆಂಗಸಿಗೆ ಮೈಮರೆತು ಮೇಜಿನ ಮೇಲೇ ಕೈ ಎತ್ತಿ ಸಾಕು ಎಂಬ ಸನ್ನೆ ಮಾಡಿಬಿಟ್ಟ. ಆಯಮ್ಮ ಸಿಟ್ಟಾಗಿ, "ಯಾಕ್ರೀ, ತೋರಸಾಕ ಅಷ್ಟು ಬ್ಯಾಸರೇನು?" ಎಂದು ಎದ್ದು ಹೋದಳು. ಸಾಹುಕಾರ ಬೇಸರ ಮಾಡಿಕೊಳ್ಳಲಿಲ್ಲ, ಸನ್ನೆ ಸರಿಯಾಗಿ ಬಂತಲ್ಲ ಎಂದು ಹಿಗ್ಗಿದ.

ಒಂಬತ್ತನೆಯ ದಿನ ಮಾಲು ತರಲು ಪರವೂರಿಗೆ ಹೋಗಬೇಕಾಯಿತು. ಮೂರು ದಿನ ಪಾಠ ತಪ್ಪಿತು. ಇದೇ ಜಾಗದಲ್ಲಿ ನೋಡಿ, ಹಿಂದೆ ಅವನು ಕೈಬಿಟ್ಟಿದ್ದು. ಹನ್ನೆರಡನೆಯ ದಿನ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ಎಣಿಸಿದ. ಪಂಚಮಿಗೆ ಇನ್ನು ಹನ್ನೊಂದೇ ದಿನ. ಹೋಗಲಿ ಬಿಡು ಎನ್ನಲು ಅಲ್ಲಿ ಜಾಗವೇ ಇರಲಿಲ್ಲ. ಸೊಸೆಯನ್ನು ಕರೆದು ಹದಿಮೂರನೆಯ ಮಾತಿನಿಂದ ಮತ್ತೆ ಕುಳಿತ.

ಅದಾಗಿ ಎರಡು ದಿನಕ್ಕೆ ಮಗ ಹಾಸ್ಟೆಲ್ಲಿಗೆ ವಿಡಿಯೋ ಕಾಲ್ ಮಾಡಿದ. ಸಾಹುಕಾರ ಫೋನಿನ ಮುಂದೆ ಬಂದು ಕುಳಿತ. ಮೆಲ್ಲಗೆ, ಒಂದೊಂದೇ ಸನ್ನೆ ಮಾಡಿ ಕೇಳಿದ: ಊಟ ಆಯಿತಾ?

ಎಂಥ ಸಣ್ಣ ಮಾತು! ದಿನಕ್ಕೆ ಎಷ್ಟು ಜನರನ್ನು ಕೇಳುತ್ತೇವೆ ನಾವು. ಬೀದಿಯಲ್ಲಿ ಎದುರಾದವರನ್ನು ಕೇಳುತ್ತೇವೆ, ಉತ್ತರಕ್ಕೂ ಕಾಯದೆ ಮುಂದೆ ಹೋಗುತ್ತೇವೆ. ಆ ಮಗುವಿಗೆ ಮಾತ್ರ ಒಂಬತ್ತು ವರ್ಷದಲ್ಲಿ ಅಜ್ಜ ಕೇಳಿದ ಮೊದಲ ಮಾತು ಅದು. ನಂದಿತಾ ಕಣ್ಣರಳಿಸಿ ಕೂತುಬಿಟ್ಟಳು. ಆಮೇಲೆ ಎದ್ದು ಓಡಿ ನಾಲ್ಕು ಜನ ಗೆಳತಿಯರನ್ನು ಎಳೆದುಕೊಂಡು ಬಂದು, ಇನ್ನೊಮ್ಮೆ ಕೇಳು ಎಂಬಂತೆ ಅಜ್ಜನ ಕಡೆ ಬೆರಳು ತೋರಿಸಿದಳು. ಅವನು ಇನ್ನೊಮ್ಮೆ ಕೇಳಿದ. ಮತ್ತೊಮ್ಮೆ ಕೇಳಿದ. ಆಗಿದೆ, ಆಗಿದೆ ಎಂದು ಐದೂ ಮಕ್ಕಳು ಒಟ್ಟಿಗೆ ಉತ್ತರ ಕೊಟ್ಟವು. ಮರುದಿನ ಸೊಸೆ ಅಳುತ್ತ ನಗುತ್ತ ಬಂದು ಹೇಳಿದಳು: "ಮಾವಾರ, ಪಂಚಮಿಗೆ ಕಾರು ಕಳಸ್ರಿ."

ಪಂಚಮಿ ಬಂತು, ಮೊಮ್ಮಗಳೂ ಬಂದಳು. ಊಟಕ್ಕೆ ಕುಳಿತಾಗ ಸಾಹುಕಾರ ಪ್ರತಿವರ್ಷದಂತೆ ಎಲ್ಲಕ್ಕಿಂತ ದೊಡ್ಡ ಶೇಂಗಾ ಉಂಡಿ ಆರಿಸಿ ತನ್ನ ಕೈಯಾರೆ ಅವಳ ತಟ್ಟೆಗೆ ಹಾಕಿದ. ಅದು ಅವಳಿಗೆ ಪ್ರಾಣ ಎಂದು ಅವನ ನಂಬಿಕೆ. ನಂದಿತಾ ಉಂಡಿ ನೋಡಿದಳು. ಅಜ್ಜನನ್ನು ನೋಡಿದಳು. ಆಮೇಲೆ ಕೈ ಎತ್ತಿ, ಅವನಿಗೆ ತಿಳಿಯಲೆಂದು ಅವನ ಹಾಗೆಯೇ ಮೆಲ್ಲಗೆ ಹೇಳಿದಳು: ಸಿಹಿ ಬೇಡ. ಸಿಹಿ ಇಷ್ಟ ಇಲ್ಲ. ಖಾರ ಬೇಕು.

ಸಾಹುಕಾರನಿಗೆ ಪ್ರತಿಯೊಂದು ಮಾತೂ ಅರ್ಥವಾಯಿತು. ಅರ್ಥವಾಗಿದ್ದಕ್ಕೇ ಕಕ್ಕಾಬಿಕ್ಕಿಯಾದ. ಸೊಸೆಯ ಕಡೆ ತಿರುಗಿ, "ಮತ್ತ ಇಷ್ಟು ವರ್ಷ ನಾ ಕೊಟ್ಟಿದ್ದೆಲ್ಲಾ ತಿಂದ್ಲಲ್ಲ? ಯಾಕ ಅಂತ ಕೇಳು" ಎಂದ. ಅದನ್ನು ಕೇಳುವಷ್ಟು ಮಾತು ಅವನ ಇಪ್ಪತ್ತರಲ್ಲಿ ಇರಲಿಲ್ಲ. ಸೊಸೆ ಕೇಳಿದಳು. ಮಗು ಉತ್ತರ ಕೊಟ್ಟಿತು. ಸೊಸೆ ಅದನ್ನು ಮಾವನಿಗೆ ಹೇಳಿದಳು.

"ಏನಿಲ್ರೀ... ಒಲ್ಲೆ ಅಂತ ತಲಿ ಅಲ್ಲಾಡಿಸಿದ್ರ, ನಾಚ್ಕೋತಾಳ ಅಂತ ಅಜ್ಜ ಇನ್ನೊಂದು ಹಾಕ್ತಿದ್ರು. ಅದಕ್ಕ ಒಂದನ್ನ ಸುಮ್ಮನ ತಿಂದುಬಿಡ್ತಿದ್ದೆ ಅಂತಾಳ್ರೀ."

ಸಾಹುಕಾರ ತಟ್ಟೆಯಿಂದ ಉಂಡಿ ತೆಗೆದ. ತುಂಗಾಬಾಯಿ ಕೆಂಪು ಮೆಣಸಿನಕಾಯಿ ಚಟ್ನಿ ತಂದು ರೊಟ್ಟಿಯ ಪಕ್ಕ ಬಡಿಸಿದರು. ಅಜ್ಜ ತಾನೂ ಅದನ್ನೇ ಹಾಕಿಸಿಕೊಂಡ. ಮೊಮ್ಮಗಳು ಚಪ್ಪರಿಸಿಕೊಂಡು ತಿನ್ನುತ್ತಿದ್ದಳು. ಅವನ ಕಣ್ಣಿಂದ ಮಾತ್ರ ದಳದಳ ನೀರು ಇಳಿಯುತ್ತಿತ್ತು. ಮಗು ತಿನ್ನುವುದನ್ನು ನಿಲ್ಲಿಸಿ, ಅವನ ಮುಖದ ಹತ್ತಿರ ಬಾಗಿ, ಕೈಸನ್ನೆಯಲ್ಲಿ ಕೇಳಿತು: ಖಾರನಾ?

ಸಾಹುಕಾರ ಕಣ್ಣು ಒರೆಸಿಕೊಂಡು ಉತ್ತರ ಕೊಟ್ಟ: ಹೌದು. ಖಾರ.

ಅವನು ನಿಜವಾಗಿ ಹೇಳಬೇಕಾಗಿದ್ದ ಮಾತು ಬೇರೆ ಇತ್ತು. ಅದು ಅವನಿಗೆ ಇನ್ನೂ ಬರುತ್ತಿರಲಿಲ್ಲ. ಅದು ಮುಂದಿನ ತಿಂಗಳದ್ದು.

ಕಥೆ ಇಷ್ಟೇ. ಈಗ ನಿಮ್ಮ ಕಡೆ ಬರುತ್ತೇನೆ, ಎದ್ದು ಹೋಗಬೇಡಿ.

ವರ್ಷದ ಸಂಕಲ್ಪ ಮಾಡುವಾಗ ನಮಗೆ ದೊಡ್ಡವರಾದಂತೆ ಅನಿಸುತ್ತದೆ. ಹೇಳುವುದರಲ್ಲೇ ಅರ್ಧ ಸುಖ ಸಿಕ್ಕಿಬಿಡುತ್ತದೆ, ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಒಂದು ದಿನ ತಪ್ಪಿದರೆ ವರ್ಷವೇ ಕೆಟ್ಟಿತು ಎಂದು ಮುಂದಿನ ಯುಗಾದಿಗೆ ಕಾಯುತ್ತೇವೆ. ಒಂದು ದಿನ ತಪ್ಪಿದ್ದಕ್ಕೆ ಮುನ್ನೂರು ದಿನದ ಶಿಕ್ಷೆ ಯಾರು ಕೊಟ್ಟರು ನಿಮಗೆ? ನಿಮಗೆ ನೀವೇ ಕೊಟ್ಟುಕೊಂಡಿರಿ. ನಿಮ್ಮ ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲಿ ಒಂದು ಸಲಕ್ಕೆ ಎಷ್ಟು ಹಾಳೆ ಕಾಣಿಸುತ್ತದೆ? ಒಂದೇ. ಅಷ್ಟನ್ನೇ ನೋಡಿ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಇಟ್ಟುಕೊಳ್ಳಿ, ಒಂದೇ ತಿಂಗಳಿಗೆ. ಸಣ್ಣದಿರಲಿ, ಇನ್ನೊಬ್ಬರಿಗೆ ಹೇಳಲು ನಾಚಿಕೆಯಾಗುವಷ್ಟು ಸಣ್ಣದಿರಲಿ. ಮುಂದಿನ ಸಾಲಿನ ಯಜಮಾನರೇ, ಹೆಂಡತಿಯ ಮೇಲೆ ಯಾವತ್ತೂ ರೇಗುವುದಿಲ್ಲ ಎಂದು ಆಣೆ ಮಾಡಬೇಡಿ, ನಿಮ್ಮಿಂದಾಗುವುದಿಲ್ಲ. ಈ ತಿಂಗಳು ಊಟದ ಹೊತ್ತಿನಲ್ಲಿ ಮಾತ್ರ ರೇಗುವುದಿಲ್ಲ ಎನ್ನಿ. ತಾಯಂದಿರೇ, ಮಾತು ಬಿಟ್ಟ ತಂಗಿಯ ಜೊತೆ ಎಲ್ಲವನ್ನೂ ಸರಿ ಮಾಡಿಕೊಳ್ಳಲು ಹೋಗಬೇಡಿ. ಈ ತಿಂಗಳು ವಾರಕ್ಕೊಮ್ಮೆ ಫೋನ್ ಮಾಡಿ ಊಟ ಆಯಿತಾ ಎಂದು ಕೇಳಿ ಇಟ್ಟುಬಿಡಿ. ನಡುವೆ ಮೂರು ದಿನ ತಪ್ಪಿತೇ? ನಾಲ್ಕನೆಯ ದಿನ ಮತ್ತೆ ಹಿಡಿಯಿರಿ. ತಿಂಗಳು ಮುಗಿದಾಗ ಕುಳಿತು ನೋಡಿ. ಮುಂದಿನದನ್ನು ಆಗ ಯೋಚಿಸೋಣ, ಇವತ್ತು ಬೇಡ. ನಾನೂ ಇಟ್ಟುಕೊಂಡಿದ್ದೇನೆ. ಇವತ್ತಿನಿಂದ ಒಂದು ತಿಂಗಳು, ದಿನಕ್ಕೊಂದು ಕೈಸನ್ನೆ. ಮೊದಲನೆಯದು ನೀರು.

ಒಂದು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮ ಮನೆಯಲ್ಲೂ ಒಬ್ಬರು ಇದ್ದಾರೆ. ನೀವು ಕೊಟ್ಟದ್ದನ್ನು ಸುಮ್ಮನೆ ತಿನ್ನುತ್ತಿದ್ದಾರೆ, ಹೇಳಿದ್ದಕ್ಕೆ ಸುಮ್ಮನೆ ನಗುತ್ತಿದ್ದಾರೆ. ಹೇಳಿದರೂ ತಿಳಿಯುವುದಿಲ್ಲ ಎಂದು ಹೇಳುವುದನ್ನೇ ಬಿಟ್ಟಿದ್ದಾರೆ. ಅದು ಯಾರೆಂದು ನಾನು ಹೇಳಬೇಕಾಗಿಲ್ಲ. ಈಗ, ಈ ಗಳಿಗೆಯಲ್ಲಿ, ಅವರ ಮುಖ ನಿಮ್ಮ ಕಣ್ಣ ಮುಂದೆ ಬಂದಿದೆ. ನಿಮ್ಮ ಈ ತಿಂಗಳನ್ನು ಅವರಿಗೆ ಕೊಡಿ. ಅವರು ಇನ್ನೊಂದು ಯುಗಾದಿಯವರೆಗೆ ಕಾಯಲಾರರು.