ದ್ರಾಕ್ಷಾರಸದಲ್ಲಿ ತೊಳೆದ ತಲೆಗಳು

ಗ್ರೀಸಿನ ಪಿಂಡಸ್ ಬೆಟ್ಟದ ಆ ಹಳ್ಳಿಯಲ್ಲಿ ಬೆಳಗಿನಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಮರುದಿನ ಸತ್ತವರ ಶನಿವಾರ. ಎಡೆಗೆ ಬೇಕಾದ ಗೋಧಿ ಆರಿಸುತ್ತ ಏಳೆಂಟು ಹೆಂಗಸರು ಸ್ತಮಾತಾ ಅಜ್ಜಿಯ ಒಲೆಯ ಸುತ್ತ ಕೂತಿದ್ದರು. ಗಂಡನ ಊರಿನಿಂದ ಬಂದಿದ್ದ ಎವಾಂಥಿಯಾಳೂ ಅಲ್ಲಿದ್ದಳು. ಅವಳ ತಾಯಿ ಲಂಬ್ರಿನಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು; ಹೂತ ಐದು ವರ್ಷಕ್ಕೆ ಮೂಳೆ ಎತ್ತಿ, ತೊಳೆದು, ಊರಿನ ಅಸ್ಥಿಮನೆಯಲ್ಲಿ ಕೂಡಿಡುವುದು ಅಲ್ಲಿನ ವಾಡಿಕೆ. ಅಜ್ಜಿ ಮಾತು ತೆಗೆದಳು.

"ಲೇ, ಗೋಧಿ ನೋಡ್ಕೊಂಡು ಕೇಳಿ, ಕಲ್ಲು ಉಳಿದ್ರೆ ಪಾದ್ರಿ ಹಲ್ಲು ಹೋಗುತ್ತೆ. ಎವಾಂಥಿಯಾ, ನಿಮ್ಮಮ್ಮನ ವಿಷ್ಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡ... ನಾನಿನ್ನು ಎಷ್ಟು ದಿನ ಇರ್ತೀನೋ.

ನಿಮ್ಮಜ್ಜಿ ಮರಿಗೋಗೆ ಮೂಳೆ ರೋಗ ಇತ್ತು ಕಣ್ರೇ. ಎಡಗಣ್ಣಿನ ಗೂಡಿನ ಮೂಳೆ ವರ್ಷ ವರ್ಷ ದಪ್ಪ ಆಗ್ತಾ ಆಗ್ತಾ, ಗೂಡು ಸೊಟ್ಟಗಾಗಿ, ಕಣ್ಣು ಆಚೆ ಬಂದುಬಿಟ್ಟಿತ್ತು. ಪಾಪ, ಕರೀ ವಸ್ತ್ರ ಅರ್ಧ ಮುಖಕ್ಕೆ ಎಳ್ಕೊಂಡೇ ಬದುಕಿದ್ಲು. ಸಾಯೋವಾಗ ಮಗಳನ್ನ ಕೇಳಿದ್ದು ಒಂದೇ. 'ಐದು ವರ್ಷಕ್ಕೆ ನನ್ನ ಮೂಳೆ ಎತ್ತಿ ತೊಳಿಯೋ ದಿನ, ಎಲ್ಲರ ಮುಂದೆ ಈ ಕಣ್ಣಿಗೊಂದು ಮುತ್ತು ಕೊಡೇ. ಬದುಕಿದ್ದಾಗ ಯಾರೂ ಕೊಡ್ಲಿಲ್ಲ.' ಲಂಬ್ರಿನಿ ಆಣೆ ಇಟ್ಲು.

ಐದು ವರ್ಷ ತುಂಬಿದಾಗಲೇ ಎವಾಂಥಿಯಾಗೆ ಗಂಡು ಗೊತ್ತಾಗಿತ್ತು. ಬೀಗರು ಕೇಳಿದ್ದಕ್ಕೆ ಲಂಬ್ರಿನಿ, ಅಮ್ಮನ ಕಣ್ಣಿಗೆ ಹೇಸರಗತ್ತೆ ಒದ್ದಿತ್ತು ಅಂತ ಸುಳ್ಳು ಹೇಳಿಬಿಟ್ಟಿದ್ಲು. ಮೂಳೆ ಎತ್ತೋಕೆ ಅವ್ರೂ ಬರ್ತಾರೆ, ಸರದಿ ಮೇಲೆ ತಲೆಬುರುಡೆಗೆ ಮುತ್ತಿಡ್ತಾರೆ... ಆ ಗೂಡು ನೋಡಿದ್ರೆ ವಂಶದ ರೋಗ ಅನ್ನಲ್ವಾ? ಮದುವೆ ನಿಲ್ಲಲ್ವಾ? ಮೂಳೆ ಎತ್ತೋ ಹಿಂದಿನ ದಿನ ಮಧ್ಯಾಹ್ನ, ಮಣ್ಣು ಸಡಿಲ ಮಾಡ್ತೀನಿ ಅಂತ ಒಬ್ಳೇ ಹೋದ್ಲು. ತಾಯಿ ತಲೆ ತೆಗೆದು ಅಸ್ಥಿಮನೆ ರಾಶೀಲಿ ತುರುಕಿ, ಅಲ್ಲಿದ್ದ ಯಾರದೋ ಚೆಂದದ ತಲೆ ತಂದು ಗುಂಡೀಲಿಟ್ಲು. ಮಾರನೇ ದಿನ ಅದನ್ನೇ ದ್ರಾಕ್ಷಾರಸದಲ್ಲಿ ತೊಳೆದು, ಎಲ್ಲರ ಮುಂದೆ ಎಡಗಣ್ಣಿಗೆ ಮುತ್ತಿಟ್ಟು, ಎದೆಗೊತ್ತಿಕೊಂಡು 'ಅಮ್ಮಾ' ಅಂತ ಅತ್ಲು. ಪಕ್ಕದಲ್ಲಿದ್ದ ನನಗೆ, ಕಣ್ಣಿನ ಗೂಡು ನೆಟ್ಟಗಿದ್ದದ್ದು ನೋಡಿ, ಗೊತ್ತಾಯ್ತು... ಬಾಯಿ ಬಿಡ್ಲಿಲ್ಲ.

ಮದುವೆ ಆಯ್ತು. ಮೂರನೇ ದಿನ ಹಾಡಹಗಲಲ್ಲಿ ಲಂಬ್ರಿನಿ ಹಿಟ್ಟು ನಾದ್ತಿದ್ರೆ, ಬಾಗಿಲಲ್ಲಿ ಕರೀ ವಸ್ತ್ರದ ಹೆಂಗಸು ಬೆನ್ನು ಮಾಡಿ ಕೂತಿದ್ಲಂತೆ. 'ಯಾರಿಗೆ ಮುತ್ತು ಕೊಟ್ಟೆ ಮಗಳೇ?' ಅಷ್ಟೇ. ಬೈಲಿಲ್ಲ, ಶಾಪ ಹಾಕ್ಲಿಲ್ಲ. ಲಂಬ್ರಿನಿ ಹಿಟ್ಟಿನ ಕೈಯಲ್ಲೇ ಅಸ್ಥಿಮನೆಗೆ ಓಡಿದ್ಲು. ಆ ಸೊಟ್ಟ ಗೂಡು ಹುಡುಕೋದೇನು ಕಷ್ಟ, ಅಲ್ವಾ? ಒಂದು ತಲೆ ಎತ್ತಿದ್ಲು... ಎಡಗಣ್ಣಿನ ಗೂಡು ದಪ್ಪ, ಸೊಟ್ಟ. ಇನ್ನೊಂದು... ಅದೂ ಹಾಗೇ. ಅಯ್ಯೋ, ನೂರಾ ನಲವತ್ತು ತಲೆಗೂ ಅದೇ ಕಣ್ಣು ಕಣ್ರೇ!

ಅವತ್ತಿಂದ ಸತ್ತವರ ಶನಿವಾರ ಬಂತು ಅಂದ್ರೆ ಅಷ್ಟನ್ನೂ ತೊಳೆದು, ಒಂದೊಂದಕ್ಕೂ ಮುತ್ತಿಟ್ಟು, 'ನೀನಾ ಅಮ್ಮಾ?' ಅಂತ ಕೇಳ್ತಿದ್ಲು. ಯಾವ್ದೂ ಹೂಂ ಅನ್ಲಿಲ್ಲ. ಹುಡುಕ್ತಾ ಹುಡುಕ್ತಾನೇ ಸತ್ಲು."

ಎವಾಂಥಿಯಾಳ ಕೆನ್ನೆ ಒದ್ದೆಯಾಗಿತ್ತು. "ನನಗೋಸ್ಕರ ಇಷ್ಟೆಲ್ಲ... ನಾಳೆ ನಾನೇ ಹೋಗಿ ತೊಳಿತೀನಿ ಅಜ್ಜಿ."

"ಆಗ್ಲೇ ತೊಳೆದಾಗಿದೆ. ಬೆಳಿಗ್ಗೆ ಅಸ್ಥಿಮನೇಲಿ ದೀಪ ಹಚ್ಚೋಕೆ ಹೋಗಿದ್ದೆ, ಈಗ ಬೀಗದ ಕೈ ಇರೋದು ನನ್ನ ಹತ್ರ ಮಾತ್ರ. ಅಷ್ಟೂ ತಲೆ ಒದ್ದೆ, ದ್ರಾಕ್ಷಾರಸದ ವಾಸನೆ... ಒಂದೊಂದರ ಎಡಗಣ್ಣಿನ ಮೇಲೂ ಹಿಟ್ಟಿನ ಬೆರಳು ಗುರುತು."

"ಅಮ್ಮ ಇನ್ನೂ ಮಣ್ಣಲ್ಲೇ ಇದ್ದಾಳಲ್ಲ!"

ಅಜ್ಜಿ ಗೋಧಿಯ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಮುಂದಿನ ವರ್ಷ ಅವಳ ಮೂಳೆ ಎತ್ತುತ್ತೀಯಲ್ಲ, ಎಂಥಾ ಮುಖ ಬಂದ್ರೂ ಮುತ್ತು ಕೊಡು ಮಗಾ. ಇಲ್ದಿದ್ರೆ ನಿನ್ನ ಬಾಗಿಲಲ್ಲಿ ಬೆನ್ನು ಮಾಡಿ ಕೂರೋರು ಇಬ್ಬರಾಗ್ತಾರೆ."