ರತ್ನಕ್ಕ ಆಟೋ ಹತ್ತಿದ ರಾತ್ರಿ

ಇದು ನಮ್ಮ ಪಕ್ಕದ ಮನೆ ರತ್ನಕ್ಕನಿಗೆ ಆದದ್ದು. ಗದಗದ ಕಡೆಯವಳು, ಸೋಲದೇವನಹಳ್ಳಿಯ ಒಂದು ಹಾಸ್ಟೆಲ್‌ನಲ್ಲಿ ರೊಟ್ಟಿ ಬಡಿಯೋ ಕೆಲಸ. ಅವತ್ತು ಕೆಲಸ ಮುಗಿಸಿ ಹೊರಟಾಗ ಹತ್ತೂವರೆ. ದಾರೀಲಿ, ಪಿ.ಜಿ. ಕಟ್ಟಡಗಳ ಹಿಂದೆ, ಒಂದು ಹಳೇ ಬಾವಿ. ಅದರ ಹತ್ತಿರ ಬಂದಳು...

ಹಸ್... ಹಸ್...

ಏದುಸಿರು. ಆಮೇಲೆ ಗುಟುಕ್ ಅಂತ ಎಂಜಲು ನುಂಗಿದ ಸದ್ದು. ಗಂಟಲು ನೋಯುವವರು ಕಷ್ಟಪಟ್ಟು ನುಂಗ್ತಾರಲ್ಲ, ಹಾಗೆ.

ರತ್ನಕ್ಕ ನಿಂತುಬಿಟ್ಟಳು. ಆ ಸದ್ದು ಅವಳಿಗೆ ಗೊತ್ತಿತ್ತು.

ಎರಡು ತಿಂಗಳ ಹಿಂದೆ ಮಗಳು ಸ್ನೇಹಾಗೆ ಗಂಟಲು ನೋವು, ಜ್ವರ. ಬಿ.ಕಾಂ ಓದ್ತಿದ್ದ ಹುಡುಗಿ. ಉಪ್ಪುನೀರು ಮುಕ್ಕಳಿಸಿದ್ದಾಯ್ತು, ಮೆಡಿಕಲ್ ಶಾಪಿನ ಮಾತ್ರೆ ನುಂಗಿದ್ದಾಯ್ತು. ನಾಲ್ಕನೇ ರಾತ್ರಿ, "ಯವ್ವಾ, ಎದಿ ಮ್ಯಾಲೆ ಯಾರೋ ಕುಂತಂಗಾಗೇತಿ" ಅಂದಳು.

"ಗ್ಯಾಸ್ ಇರಬೇಕು, ಮಕ್ಕೋ. ಮುಂಜಾನೆ ದವಾಖಾನಿಗೆ ಹೋಗೋಣು."

ಮುಂಜಾನೆ ಎತ್ತಿಕೊಂಡೇ ಹೋಗಬೇಕಾಯ್ತು. ಗಂಟಲಿನ ಸೋಂಕಿನಿಂದ ಹೃದಯಕ್ಕೇ ಬಾವು ಬಂದಿದೆ, ತೀರಾ ಅಪರೂಪಕ್ಕೆ ಹೀಗಾಗುತ್ತೆ ಅಂದರು ಡಾಕ್ಟರು. ಮಧ್ಯಾಹ್ನದ ಹೊತ್ತಿಗೆ ಸ್ನೇಹಾ ಇಲ್ಲ.

ಈಗ ಬಾವಿಕಟ್ಟೆಯಿಂದ ಅದೇ ದನಿ, ಪಿಸುಪಿಸು.

"ಯವ್ವಾ... ಎದಿ..."

ಹೆದರಬೇಕಿತ್ತು. ಹೆದರಲಿಲ್ಲ.

"ಏಳವ್ವಾ. ಈಗ್ಲೇ ಹೋಗೋಣು ನಡಿ." ಕತ್ತಲಿಗೆ ಕೈ ಚಾಚಿದಳು. ಕೈಗೆ ಕೈ ಸಿಕ್ಕಿತು. ಕೆಂಡದಂಗೆ ಸುಡ್ತಿತ್ತು... ಜ್ವರದ ಕೈ.

ರತ್ನಕ್ಕ ಪಕ್ಕಕ್ಕೆ ತಿರುಗಿ ನೋಡಲಿಲ್ಲ. ನೋಡಿದರೆ ಇರಲ್ಲವೇನೋ ಅನ್ನೋ ಭಯ. ಹೆಸರಘಟ್ಟ ರೋಡಿಗೆ ಬಂದು ಪಿಳ್ಳಪ್ಪ ಅನ್ನೋನ ಆಟೋ ನಿಲ್ಲಿಸಿದಳು. "ದವಾಖಾನಿಗೆ. ಲಗೂ." ದಾರಿಯುದ್ದಕ್ಕೂ ಆ ಕೈ ಬಿಡಲಿಲ್ಲ. ಪಕ್ಕದಲ್ಲಿ ಹಸ್... ಹಸ್...

ಆಸ್ಪತ್ರೆ ಬಾಗಿಲು ದಾಟಿದ್ದೇ ತಡ, ಆ ಸದ್ದು ನಿಂತಿತು.

ನರ್ಸ್ ಅಸ್ಮಾ ಓಡಿ ಬಂದಳು. "ಪೇಷೆಂಟ್ ಎಲ್ಲಮ್ಮಾ?"

ರತ್ನಕ್ಕ ಕೈ ನೋಡಿಕೊಂಡಳು. ಖಾಲಿ.

"ಈ ಸಲ ತಡಾ ಮಾಡಲಿಲ್ರೀ ನಾನು," ಅಂದವಳೇ ಅಲ್ಲೇ ನೆಲದ ಮೇಲೆ ಕುಸಿದಳು. ಅಸ್ಮಾ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

ಆಗ ಪಿಳ್ಳಪ್ಪ ಒಳಗೆ ಇಣುಕಿದ. ಇದ್ಯಾವುದೂ ಅವನಿಗೆ ಗೊತ್ತಿಲ್ಲ.

"ಸಿಸ್ಟರ್, ಆ ಮಗೀನ ಎಲ್ಲಿ ಮಲಗ್ಸಿದ್ರಿ? ಉಸಾರಾಗೈತಾ? ದಾರೀಲಿ ಹಂಪ್ ಬಂದಾಗೆಲ್ಲ, 'ಅಣ್ಣಾ, ಮೆಲ್ಲಕ... ಮೆಲ್ಲಕ' ಅಂತಿತ್ತು."

ಕಟ್ಟುಕತೆ ಅಲ್ಲ ಕಣ್ರೀ. ಪಿಳ್ಳಪ್ಪ ಚಿಕ್ಕಬಾಣಾವರ ಸ್ಟೇಷನ್ ಹತ್ರ ಇರ್ತಾನೆ, ಹೋಗಿ ಕೇಳಿ. ಇವತ್ತಿಗೂ, ಖಾಲಿ ಆಟೋ ಆದರೂ, ಹಂಪ್ ಬಂದರೆ ಮೆಲ್ಲಗೆ ದಾಟಿಸ್ತಾನೆ.